ಲಿಯೋನಾ ಟೈಲರ್: ಬೇಡ ಅನ್ನೋದನ್ನೂ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞೆ

ನಮ್ಮಲ್ಲಿ ಕೌನ್ಸೆಲಿಂಗ್ ಅಂದಕೂಡಲೇ ಬಹಳಷ್ಟು ಜನರಿಗೆ ನೆನಪಾಗೋದು ಸಿಇಟಿ. ರ‍್ಯಾಂಕ್ ಪಟ್ಟಿ, ಆಪ್ಷನ್ ಎಂಟ್ರಿ, ಕೊನೆಗೊಂದು ಸೀಟು. ನಾನೂ ಆ ದಾರಿಯಲ್ಲೇ ಎಂಜಿನಿಯರಿಂಗ್‌ಗೆ ಹೋದವನು. ಆ ಪದಕ್ಕೆ ಬೇರೆ ಅರ್ಥವೂ ಇದೆ ಅಂತ ಗೊತ್ತಾಗುವ ಹೊತ್ತಿಗೆ ಡಿಗ್ರಿ ಕೈಯಲ್ಲಿತ್ತು. 'ನಿನಗೇನು ಬೇಕು' ಅಂತ ಕೇಳಲು ಆ ಇಡೀ ಪ್ರಕ್ರಿಯೆಯಲ್ಲಿ ಜಾಗವೇ ಇಲ್ಲ. ಆ ಪ್ರಶ್ನೆಯನ್ನೇ ಜೀವಮಾನದ ಕೆಲಸ ಮಾಡಿಕೊಂಡವರು ಅಮೆರಿಕದ ಲಿಯೋನಾ ಟೈಲರ್. ಆಪ್ತಸಮಾಲೋಚನಾ ಮನಶ್ಶಾಸ್ತ್ರವನ್ನು ಒಂದು ಶಿಸ್ತಾಗಿ ಕಟ್ಟಿದವರಲ್ಲಿ ಅವರದು ದೊಡ್ಡ ಹೆಸರು.

ಹುಟ್ಟಿದ್ದು 1906ರಲ್ಲಿ, ವಿಸ್ಕಾನ್ಸಿನ್ ರಾಜ್ಯದ ಚೆಟೆಕ್‌ನಲ್ಲಿ. ಬೆಳೆದದ್ದು ಮಿನ್ನೆಸೋಟದ ಕಬ್ಬಿಣದ ಗಣಿ ಪ್ರದೇಶದಲ್ಲಿ. 19ನೇ ವಯಸ್ಸಿಗೇ ಮಿನ್ನೆಸೋಟ ವಿಶ್ವವಿದ್ಯಾಲಯದಿಂದ ಪದವಿ ಮುಗಿಸಿದ್ದರು. ವಿಷಯ ಮನಶ್ಶಾಸ್ತ್ರವಲ್ಲ, ಇಂಗ್ಲಿಷ್ ಸಾಹಿತ್ಯ. ಆಮೇಲೆ ಹದಿಮೂರು ವರ್ಷ ಶಾಲಾ ಶಿಕ್ಷಕಿ. ಮಕ್ಕಳು ಬರೆದ ರಾಶಿ ರಾಶಿ ಪ್ರಬಂಧಗಳನ್ನು ತಿದ್ದುತ್ತಾ ಅವರ ತಲೆ ಕೆಡಿಸಿದ್ದು ಒಂದೇ ವಿಷಯ: ಒಂದೇ ಊರು, ಒಂದೇ ತರಗತಿ, ಆದರೂ ಇವರೆಲ್ಲ ಇಷ್ಟು ಬೇರೆ ಬೇರೆ ಹೇಗೆ?

ಉತ್ತರ ಹುಡುಕಿಕೊಂಡು ಮತ್ತೆ ಮಿನ್ನೆಸೋಟಕ್ಕೆ ಹೋದರು. ಡೊನಾಲ್ಡ್ ಪ್ಯಾಟರ್ಸನ್ ಬಳಿ ಓದಿ 1941ರಲ್ಲಿ ಪಿಎಚ್‌ಡಿ ಪಡೆದರು. ಆಗ ವಯಸ್ಸು 35ರ ಆಸುಪಾಸು. ('ಈ ವಯಸ್ಸಿನಲ್ಲಿ ಲೈನ್ ಬದಲಿಸೋದಾ' ಅಂತ ಕೇಳಿಸಿಕೊಂಡ ನನ್ನಂಥವರಿಗೆ ಇದು ಸಣ್ಣ ಸಮಾಧಾನ.) ಅದಕ್ಕೂ ಮೊದಲೇ, 1940ರಲ್ಲಿ, ಒರೆಗಾನ್ ವಿಶ್ವವಿದ್ಯಾಲಯದಲ್ಲಿ ಪಾಠ ಶುರು ಮಾಡಿಯಾಗಿತ್ತು. ನಿವೃತ್ತಿಯವರೆಗೂ ಅದೇ ಅವರ ಮನೆ. ಎರಡನೇ ಮಹಾಯುದ್ಧ ಮುಗಿಸಿ ಬಂದ ಸೈನಿಕರು ಕಾಲೇಜು ಸೇರಿದಾಗ ಅವರಿಗೆ ಅಲ್ಲಿ ಆಪ್ತಸಮಾಲೋಚನೆಯ ವ್ಯವಸ್ಥೆ ಕಟ್ಟಿದ್ದೂ ಟೈಲರ್. ಮುಂದೆ 1965ರಿಂದ 1971ರವರೆಗೆ ಗ್ರಾಜುಯೇಟ್ ಸ್ಕೂಲ್‌ನ ಡೀನ್ ಆಗಿದ್ದರು.

ಅವರ ಸಂಶೋಧನೆಯಲ್ಲಿ ನನಗೆ ಬಹಳ ಹಿಡಿಸಿದ್ದು ಮಕ್ಕಳ ಆಸಕ್ತಿಗಳ ಕುರಿತ ಕೆಲಸ. ಒಂದನೇ ತರಗತಿಯ ಮಕ್ಕಳಿಂದ ಶುರು ಮಾಡಿ ವರ್ಷಗಟ್ಟಲೆ ಇದನ್ನು ಅಧ್ಯಯನ ಮಾಡಿದರು. ಪುಟ್ಟ ಮಕ್ಕಳಿಗೆ ಹೆಚ್ಚುಕಮ್ಮಿ ಎಲ್ಲವೂ ಇಷ್ಟ. ದೊಡ್ಡವರಾಗುತ್ತಾ ಒಂದೊಂದನ್ನೇ 'ಇದು ನಂದಲ್ಲ' ಅಂತ ಬಿಡುತ್ತಾ ಹೋಗುತ್ತಾರೆ. ಅಂದರೆ ಆಸಕ್ತಿ ರೂಪುಗೊಳ್ಳೋದು ಬಹುಪಾಲು ಈ ತಿರಸ್ಕಾರಗಳ ಮೂಲಕ. ಇದನ್ನು ಸುಮ್ಮನೆ ಓದಿ ಮುಂದೆ ಹೋಗಬೇಡಿ. ಹುಡುಗಿಯೊಬ್ಬಳು ಹತ್ತನೇ ವಯಸ್ಸಿಗೆ 'ಗಣಿತ ನನಗಲ್ಲ' ಅಂದರೆ ಅದು ಯಾರ ತೀರ್ಮಾನ? ಅವಳದ್ದಾ, ಸುತ್ತಲಿನವರದ್ದಾ?

ಮುಂದೆ ಅವರು ಕಾರ್ಡುಗಳ ಒಂದು ವಿಧಾನ ರೂಪಿಸಿದರು. ಒಂದೊಂದು ಕಾರ್ಡಿನಲ್ಲಿ ಒಂದೊಂದು ವೃತ್ತಿ. ಬೇಕಾದ್ದು, ಬೇಡದ್ದು ಅಂತ ವಿಂಗಡಿಸಬೇಕು. ಆಮೇಲೆ ಯಾಕೆ ಹಾಗೆ ಗುಂಪು ಮಾಡಿದೆ ಅಂತ ಮಾತಾಡಬೇಕು. ಇಲ್ಲಿ ಅಂಕವಿಲ್ಲ, ರ‍್ಯಾಂಕ್ ಇಲ್ಲ. ಮಾನವ ವ್ಯತ್ಯಾಸಗಳನ್ನು ಅಳೆಯುವ ವಿಜ್ಞಾನದ ಬಗ್ಗೆ 1947ರಲ್ಲಿ ಪಠ್ಯಪುಸ್ತಕವನ್ನೇ ಬರೆದವರು ಕೊನೆಗೆ ಅಳತೆಯ ಮಿತಿಯನ್ನೇ ಹೇಳತೊಡಗಿದ್ದು ಸಣ್ಣ ಸಂಗತಿಯಲ್ಲ. ಒಬ್ಬ ವ್ಯಕ್ತಿಯ ಮುಂದೆ ಹಲವು ಸಾಧ್ಯತೆಗಳಿರುತ್ತವೆ, ಒಂದು ಬದುಕಿನಲ್ಲಿ ಎಲ್ಲವನ್ನೂ ಬದುಕಲಾಗದು, ಆದ್ದರಿಂದ ಆಯ್ಕೆಗಳೇ ವ್ಯಕ್ತಿಯನ್ನು ರೂಪಿಸುತ್ತವೆ ಅನ್ನೋದು ಅವರ ವಾದ. 1978ರ 'ಇಂಡಿವಿಜುವಾಲಿಟಿ' ಪುಸ್ತಕದ ತಿರುಳೂ ಇದೇ.

ಸಮಾಲೋಚಕರ ಪಾಲಿಗೆ ಅವರ 'ದಿ ವರ್ಕ್ ಆಫ್ ದಿ ಕೌನ್ಸೆಲರ್' (1953) ದೀರ್ಘಕಾಲ ಕೈಪಿಡಿಯಾಗಿತ್ತು. 1960ರಲ್ಲಿ ಅವರು ಮಂಡಿಸಿದ 'ಕನಿಷ್ಠ ಬದಲಾವಣೆಯ ಚಿಕಿತ್ಸೆ' ಇನ್ನೊಂದು ಮುಖ್ಯ ವಿಚಾರ. ಎದುರು ಕೂತವರ ವ್ಯಕ್ತಿತ್ವವನ್ನೇ ಕೆಡವಿ ಕಟ್ಟಬೇಕಿಲ್ಲ, ದಿಕ್ಕು ಚೂರು ಬದಲಾದರೂ ಸಾಕು. ಎಂಜಿನಿಯರ್ ಬುದ್ಧಿಗೆ ಇದು ಥಟ್ಟನೆ ಹೊಳೆಯುತ್ತೆ: ಒಂದು ಡಿಗ್ರಿ ತಿರುಗಿ 60 ಕಿಲೋಮೀಟರ್ ಹೋದರೆ ನೀವು ಹಳೇ ದಾರಿಯಿಂದ ಸುಮಾರು ಒಂದು ಕಿಲೋಮೀಟರ್ ಆಚೆ ಇರ್ತೀರಿ.

1973ರಲ್ಲಿ ಅವರು ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ ಅಧ್ಯಕ್ಷೆ. ಆ ಹುದ್ದೆಗೇರಿದ ನಾಲ್ಕನೇ ಮಹಿಳೆ. 1905ರಲ್ಲಿ ಮೇರಿ ಕಾಲ್ಕಿನ್ಸ್, 1921ರಲ್ಲಿ ಮಾರ್ಗರೆಟ್ ವಾಶ್‌ಬರ್ನ್, ಆಮೇಲೆ ಅರ್ಧ ಶತಮಾನ ಒಬ್ಬರೂ ಇಲ್ಲ. 1972ರಲ್ಲಿ ಆನ್ ಅನಸ್ತಾಸಿ, ಮರುವರ್ಷವೇ ಟೈಲರ್.

ಅದೇ ವರ್ಷ ಸಂಘ ಒಪ್ಪಿಕೊಂಡ ನಿಲುವೊಂದು ಇವತ್ತಿಗೂ 'ಲಿಯೋನಾ ಟೈಲರ್ ತತ್ವ' ಅಂತ ಚರ್ಚೆಯಲ್ಲಿದೆ. ಮನಶ್ಶಾಸ್ತ್ರಜ್ಞರಾಗಿ ಒಂದು ನಿಲುವನ್ನು ಪ್ರತಿಪಾದಿಸುವುದಾದರೆ ಅದಕ್ಕೆ ವೈಜ್ಞಾನಿಕ ದತ್ತಾಂಶದ ಅಥವಾ ತೋರಿಸಬಲ್ಲ ವೃತ್ತಿ ಅನುಭವದ ಬಲ ಬೇಕು. ನಾಗರಿಕರಾಗಿ ಮಾತಾಡುವುದಾದರೆ ಯಾವ ನಿರ್ಬಂಧವೂ ಇಲ್ಲ, ಯಾವುದರ ಪರ ಬೇಕಾದರೂ ನಿಲ್ಲಿ. ಹೆಸರಿನ ಹಿಂದಿರುವ 'ಡಾ.'ವನ್ನು ರಾಜಕೀಯ ಅಭಿಪ್ರಾಯಕ್ಕೆ ಠಸ್ಸೆಯಾಗಿ ಬಳಸಬೇಡಿ ಅನ್ನೋದು ಇದರ ಸಾರ. ಟಿವಿ ಸ್ಟುಡಿಯೋದಲ್ಲಿ ಕೂತು, ಎಂದೂ ಭೇಟಿಯಾಗದ ನಾಯಕರ ಮಾನಸಿಕ ಸ್ಥಿತಿ ಹೇಳುವವರಿಗೆ ಇದನ್ನು ಓದಿಸಬೇಕು ಅನ್ನಿಸುತ್ತೆ. ಆದರೆ ನನಗೆ ಒಂದು ತಕರಾರೂ ಇದೆ. 'ಸಾಕ್ಷ್ಯ ಸಾಲದು' ಅನ್ನೋದು ಎಷ್ಟೋ ಸಲ ಸುಮ್ಮನಿರಿ ಅನ್ನೋದರ ಸಭ್ಯ ರೂಪ. ಯಾವ ವಿಷಯದ ಮೇಲೆ ಸಂಶೋಧನೆ ನಡೆಯಬೇಕು ಅಂತ ತೀರ್ಮಾನಿಸುವವರೇ ಅನುದಾನ ಹಂಚುವವರಾದರೆ, ದತ್ತಾಂಶವೇ ಇಲ್ಲದ ಜನರ ಪರ ಮನಶ್ಶಾಸ್ತ್ರಜ್ಞರು ಯಾವಾಗ ಬಾಯಿ ಬಿಡಬೇಕು?

ನಿವೃತ್ತಿಯ ನಂತರವೂ ಟೈಲರ್ ಬರೆಯುತ್ತಲೇ ಇದ್ದರು. 1993ರಲ್ಲಿ ಒರೆಗಾನ್‌ನ ಯೂಜೀನ್‌ನಲ್ಲಿ ತೀರಿಕೊಂಡರು. ಸಂಘದ ಆಪ್ತಸಮಾಲೋಚನಾ ವಿಭಾಗ ಕೊಡುವ ಅತ್ಯುನ್ನತ ಪ್ರಶಸ್ತಿ ಈಗ ಅವರ ಹೆಸರಲ್ಲಿದೆ.