ಹೊಂಗೆಯ ದೀಪದಿಂದ ಮಡೆನೂರಿನ ಇಂಧನದವರೆಗೆ

ದುದ್ದ ಹೋಬಳಿಯನ್ನೊಳಗೊಂಡ ಹಾಸನದ ಮೈದಾನ ಸೀಮೆಯಲ್ಲಿ ಹೊಂಗೆಯು ಹೊಲದ ಬದುವಿನ ಮರ. ಸೀಮೆಎಣ್ಣೆಯು ಬರುವುದಕ್ಕೆ ಮುಂಚೆ ನಮ್ಮ ನಾಡಿನ ಹಳ್ಳಿಗಳ ದೀಪಗಳಿಗೆ ಅದರ ಬೀಜದ ಎಣ್ಣೆಯು ಒದಗುತ್ತಿದ್ದಿತು; ಗಾಣದಲ್ಲಿ ಉಳಿದ ಹಿಂಡಿಯೂ ಮರದ ಸೊಪ್ಪೂ ಭೂಮಿಗೆ ಗೊಬ್ಬರವಾಗುತ್ತಿದ್ದುವು. ಸೀಮೆಎಣ್ಣೆಯು ಹರಡಿತು, 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಕಾಲಕ್ರಮದಲ್ಲಿ ಹೊಂಗೆಯ ದೀಪವು ಆರಿತು. ಆದರೆ ಸೊಪ್ಪಿಗೂ ನೆರಳಿಗೂ ಬೇಕಾದ ಮರವು ಉಳಿಯಿತು.

2007ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವು ಹಾಸನದ ಬಳಿಯ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನವನ್ನು ಆರಂಭಿಸಿತು. ಹೊಂಗೆ, ಬೇವು, ಹಿಪ್ಪೆ, ಸಿಮರೂಬಗಳನ್ನು ಬೆಳೆಯ ಭೂಮಿಯಲ್ಲಲ್ಲದೆ ಬದು, ಬೀಳುಗಳಲ್ಲಿ ಬೆಳೆಸುವುದು ಅಲ್ಲಿನ ಕ್ರಮ. ಎಣ್ಣೆಯನ್ನು ಮೆಥನಾಲು ಮತ್ತು ಕ್ಷಾರದೊಡನೆ ಕಾಯಿಸಿದರೆ ಗ್ಲಿಸರಿನ್ ಬೇರ್ಪಟ್ಟು ಡೀಸೆಲ್ ಎಂಜಿನ್ನಿಗೆ ಒಗ್ಗುವ ಇಂಧನವು ದೊರೆಯುತ್ತದೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿಯೇ ಅಂತಹ ಎಂಜಿನ್ನೊಂದು ಕಡಲೆಕಾಯಿ ಎಣ್ಣೆಯಿಂದ ನಡೆದಿದ್ದಿತು. ಆದಕಾರಣ ಇಲ್ಲಿ ಹೊಸದು ಎಂಜಿನ್ನಲ್ಲ; ತಿನ್ನಲು ಬಾರದ ಎಣ್ಣೆಯನ್ನು, ಅನ್ನದ ಭೂಮಿಯನ್ನು ಮುಟ್ಟದೆ, ಪಡೆಯುವ ವ್ಯವಸ್ಥೆ.

ಈ ವ್ಯವಸ್ಥೆಯ ಅಳಿವು ಉಳಿವು ಬೀಜ ಆಯುವವರನ್ನು ಅವಲಂಬಿಸಿದೆ. ಯಂತ್ರದ ಗಾಣಕ್ಕೆ 100 ಕಿಲೋ ಬೀಜ ಹಾಕಿದರೆ ದೊರೆಯುವ ಎಣ್ಣೆ ಸುಮಾರು 25 ಕಿಲೋ. ಮಿಕ್ಕುದರಲ್ಲಿ ಹೆಚ್ಚಿನ ಪಾಲು ಹಿಂಡಿ. ಕಾಯಿ ಆಯ್ದು, ಒಣಗಿಸಿ, ಒಡೆಯುವವರ ಕೂಲಿಯು ಎಣ್ಣೆಯೊಂದರಿಂದಲೇ ಹೊರಡುವುದು ಕಷ್ಟ. ಬೀಜವು ಹೊರಗೆ ಮಾರಿಹೋದರೆ ಊರಿಗೆ ಎಣ್ಣೆಯೂ ಇಲ್ಲ, ಗೊಬ್ಬರವೂ ಇಲ್ಲ. ಹಿಂದಿನ ಗಾಣವು ಎರಡನ್ನೂ ಊರಿನಲ್ಲಿಯೇ ಉಳಿಸುತ್ತಿದ್ದಿತು. ಹೊಂಗೆಯ ಚರಿತ್ರೆಯಿಂದ ಇಂದಿನ ಯೋಜನೆಗಳು ಕಲಿಯತಕ್ಕ ಪಾಠ ಇದೇ: ಎಣ್ಣೆಯು ಎಲ್ಲಿಗೆ ಹೋದರೂ ಹಿಂಡಿಯು ಹೊಲಕ್ಕೆ ಹಿಂದಿರುಗಬೇಕು.