ಫ್ರೆಡ್‌ನ ಸಾವು ಮತ್ತು ಒಂದು ತಪ್ಪು ಓದು

ಹದಿಹರೆಯದ ಓದುಗರಿಗಾಗಿ ಅಮೆರಿಕದಲ್ಲಿ ರಚಿತವಾದ ಸಲಿಂಗಪ್ರೇಮದ ಕಾದಂಬರಿಗಳ ಚರಿತ್ರೆಯನ್ನು ಜಾನ್ ಡಾನವನ್ ಅವರ ‘ಐ’ಲ್ ಗೆಟ್ ದೇರ್. ಇಟ್ ಬೆಟರ್ ಬಿ ವರ್ತ್ ದ ಟ್ರಿಪ್’ (1969) ಎಂಬ ಕೃತಿಯಿಂದ ಆರಂಭಿಸುವುದು ರೂಢಿ. ಆ ರೂಢಿಯೊಂದಿಗೇ ಬೇರೂರಿರುವ ಇನ್ನೊಂದು ತೀರ್ಮಾನವೆಂದರೆ, ಇಬ್ಬರು ಹುಡುಗರು ಮುತ್ತಿಟ್ಟುಕೊಂಡದ್ದಕ್ಕೆ ದಂಡವಾಗಿ ಲೇಖಕರು ಕಥಾನಾಯಕನ ನಾಯಿಯನ್ನು ಸಾಯಿಸಿದರು ಎಂಬುದು. ವಿಮರ್ಶಕರಿಂದ ವಿಮರ್ಶಕರಿಗೆ ದಾಟಿಬಂದಿರುವ ಈ ತೀರ್ಮಾನ ಪಠ್ಯದ ಎದುರು ನಿಲ್ಲುವಂಥದ್ದಲ್ಲ.

ವಿವಾದದ ಸನ್ನಿವೇಶವನ್ನು ಅದರ ಕ್ರಮದಲ್ಲಿಯೇ ನೋಡಬೇಕು. ಹದಿಮೂರು ವರ್ಷದ ಡೇವಿ ರಾಸ್ ಮತ್ತು ಅವನ ಸಹಪಾಠಿ ಆಲ್ಟ್‌ಶುಲರ್ ಒಟ್ಟಿಗೆ ನಿದ್ದೆಹೋಗಿರುವುದನ್ನು ಕಂಡ ತಾಯಿ ಕಂಗೆಟ್ಟು, ಬೇರೆಯಾಗಿ ಬಾಳುತ್ತಿರುವ ತಂದೆಯನ್ನು ಕರೆಸುತ್ತಾಳೆ. ತಂದೆ ಮಗನೊಡನೆ ಮಾತಿಗೆ ಕುಳಿತಾಗ ಅವಳು ಫ್ರೆಡ್ ಎಂಬ ನಾಯಿಯನ್ನು ಹೊರಗೆ ಕರೆದೊಯ್ಯುತ್ತಾಳೆ. ಅಲ್ಲಿ ಅದು ಕಾರಿಗೆ ಸಿಕ್ಕಿ ಸಾಯುತ್ತದೆ. ನಾಯಿ ಆ ಹೊತ್ತಿನಲ್ಲಿ ಇದ್ದುದು ತಾಯಿಯ ಸುಪರ್ದಿಯಲ್ಲಿ, ಹುಡುಗರ ಬಳಿಯಲ್ಲಲ್ಲ. ಕಾರಣವನ್ನು ಹುಡುಕುವುದೇ ಆದರೆ ಅದು ಹಿರಿಯರ ಗಾಬರಿಯಲ್ಲಿ ಸಿಗುತ್ತದೆಯೇ ಹೊರತು ಮುತ್ತಿನಲ್ಲಿ ಅಲ್ಲ. ಮುತ್ತಿಗೂ ಸಾವಿಗೂ ಗಂಟುಹಾಕುವವನು ಡೇವಿ. ಕಾದಂಬರಿ ಉತ್ತಮ ಪುರುಷದಲ್ಲಿ, ಅಂದರೆ ಅವನದೇ ಬಾಯಲ್ಲಿ, ನಡೆಯುವುದರಿಂದ ಅವನ ಪಾಪಪ್ರಜ್ಞೆ ಅಲ್ಲಿ ತೀರ್ಪಿನ ದನಿಯಲ್ಲಿ ಕೇಳಿಸುತ್ತದೆ. ನಿರೂಪಕನನ್ನೂ ಲೇಖಕನನ್ನೂ ಒಂದೇ ಎಂದು ಎಣಿಸಬಾರದೆಂಬ ಪ್ರಾಥಮಿಕ ವಿವೇಕವನ್ನು ಬೇರೆ ಕೃತಿಗಳಿಗೆ ತೋರಿಸುವ ವಿಮರ್ಶಕರು ಈ ಕೃತಿಗೆ ಮಾತ್ರ ಏಕೆ ನಿರಾಕರಿಸಿದರೆಂಬುದು ಅರ್ಥವಾಗುವುದಿಲ್ಲ. ಆ ತೀರ್ಪನ್ನು ಕೃತಿಯೊಳಗೇ ಒಪ್ಪದವನೊಬ್ಬನಿದ್ದಾನೆ, ಅವನು ಆಲ್ಟ್‌ಶುಲರ್. ನಡೆದದ್ದರ ಬಗ್ಗೆ ತನಗೆ ನಾಚಿಕೆಯಿಲ್ಲವೆಂಬ ಅವನ ನಿಲುವನ್ನು ಕಥೆ ಎಲ್ಲಿಯೂ ದಂಡಿಸುವುದಿಲ್ಲ.

ಇದಕ್ಕಿಂತ ಗಂಭೀರವಾದ ಲೋಪವೆಂದರೆ ಫ್ರೆಡ್‌ನ ಸಾವನ್ನು ಸಾವುಗಳ ಸರಣಿಯಿಂದ ಕಿತ್ತು ಓದಿರುವುದು. ಕಾದಂಬರಿ ಆರಂಭವಾಗುವುದೇ ಡೇವಿಯನ್ನು ಸಾಕಿದ ಅಜ್ಜಿಯ ಸಾವಿನಿಂದ. ಅಜ್ಜಿಯ ಮನೆ ಬಿಟ್ಟು, ಕುಡಿತಕ್ಕೆ ಬಿದ್ದ ತಾಯಿಯ ನ್ಯೂಯಾರ್ಕ್ ಮನೆಗೆ ಬಂದ ಹುಡುಗನಿಗೆ ಹಳೆಯ ಬದುಕಿನ ಜೀವಂತ ಉಳಿಕೆ ಆ ನಾಯಿಯೊಂದೇ. ಆದ್ದರಿಂದ ಫ್ರೆಡ್ ಸತ್ತಾಗ ಡೇವಿ ಅಜ್ಜಿಯನ್ನು ಎರಡನೆಯ ಬಾರಿ ಕಳೆದುಕೊಳ್ಳುತ್ತಾನೆ. ದುಃಖದಲ್ಲಿರುವ ಮಗು ತನ್ನದೇ ತಪ್ಪನ್ನು ಹುಡುಕಿಕೊಳ್ಳುವ ಬಗೆಯನ್ನು ಡಾನವನ್ ಅಪಾರ ಕರುಣೆಯಿಂದ ಚಿತ್ರಿಸಿದ್ದಾರೆ. ಇದನ್ನು ಶಿಕ್ಷೆಯ ಕಥೆಯೆಂದು ಕರೆಯುವುದು ಆ ಕರುಣೆಗೆ ಬಗೆದ ಅನ್ಯಾಯ.

ತಪ್ಪಿನ ಮೂಲ ಕಾಲಕ್ರಮದಲ್ಲಿದೆ. ಇಸಬೆಲ್ ಹಾಲೆಂಡ್ ಅವರ ‘ದ ಮ್ಯಾನ್ ವಿದೌಟ್ ಎ ಫೇಸ್’ (1972), ಸಾಂಡ್ರಾ ಸ್ಕಾಪಟೋನಿ ಅವರ ‘ಟ್ರೈಯಿಂಗ್ ಹಾರ್ಡ್ ಟು ಹಿಯರ್ ಯೂ’ (1974) ಮುಂತಾದವುಗಳಲ್ಲಿ ಸಲಿಂಗಪ್ರೇಮಿ ಪಾತ್ರವೇ ಸಾಯುತ್ತದೆ. ಎರಡನೆಯದರಲ್ಲಿ ಕಾರು ಅಪಘಾತದಿಂದಲೇ. ಈ ಕೃತಿಗಳಿಂದ ರೂಪುಗೊಂಡ ಮಾದರಿಯನ್ನು ಹಿಮ್ಮುಖವಾಗಿ 1969ಕ್ಕೆ ಹೊರಿಸಲಾಯಿತು. ಮೈಕೇಲ್ ಕಾರ್ಟ್ ಮತ್ತು ಕ್ರಿಸ್ಟೀನ್ ಜೆಂಕಿನ್ಸ್ ಅವರ 2006ರ ಸಮೀಕ್ಷೆ ಈ ಕ್ಷೇತ್ರದ ಅಡಿಪಾಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅಷ್ಟು ವಿಶಾಲವಾದ ಸಮೀಕ್ಷೆಯನ್ನು ನೆಚ್ಚಿ ಮೂಲಕೃತಿಯನ್ನು ತೆರೆಯದೆ ಬರೆಯುವ ಪದ್ಧತಿಯನ್ನು ಕ್ಷಮಿಸಲಾಗದು. ಡಾನವನ್ ಅವರ ಕಾದಂಬರಿಯನ್ನು ಹೊರತಂದ ಹಾರ್ಪರ್ ಅಂಡ್ ರೋ ಸಂಸ್ಥೆಯ ಸಂಪಾದಕಿ ಅರ್ಸುಲಾ ನಾರ್ಡ್‌ಸ್ಟ್ರಾಮ್ ಅವರ ಪತ್ರಗಳು 1998ರಲ್ಲಿಯೇ ಪ್ರಕಟವಾಗಿವೆ, ಕಾದಂಬರಿಯೂ 2010ರಲ್ಲಿ ಮರುಮುದ್ರಣಗೊಂಡಿದೆ. ಪಠ್ಯ ದೊರೆಯಲಿಲ್ಲವೆಂಬ ನೆಪ ಇನ್ನು ಉಳಿದಿಲ್ಲ.

ಒಂದು ಮಿತಿಯನ್ನು ಮಾತ್ರ ಒಪ್ಪಲೇಬೇಕು. ಕೊನೆಗೆ ಹುಡುಗರಿಬ್ಬರೂ ರಾಜಿಯಾಗುವುದು ಪರಸ್ಪರ ಗೌರವದ ಮೇಲೆ. ಪ್ರೇಮ ಮುಂದುವರಿಯುವ ಭರವಸೆ ಅಲ್ಲಿಲ್ಲ. ಪ್ರೇಮಿಗಳನ್ನು ಪ್ರೇಮಿಗಳಾಗಿಯೇ ಮತ್ತೆ ಕೂಡಿಸುವ ಮುಕ್ತಾಯಕ್ಕೆ ಓದುಗರು ನ್ಯಾನ್ಸಿ ಗಾರ್ಡನ್ ಅವರ ‘ಆನಿ ಆನ್ ಮೈ ಮೈಂಡ್’ (1982) ಬರುವವರೆಗೆ ಕಾಯಬೇಕಾಯಿತು, ಅದೂ ಇಬ್ಬರು ಹುಡುಗಿಯರ ಕಥೆ. ಆದರೆ ಅಮೆರಿಕದ ಮನೋವೈದ್ಯರ ಸಂಘ ಸಲಿಂಗಕಾಮವನ್ನು ಮನೋರೋಗಗಳ ಪಟ್ಟಿಯಿಂದ ತೆಗೆದದ್ದು 1973ರಲ್ಲಿ. ಅದಕ್ಕೆ ನಾಲ್ಕು ವರ್ಷ ಮೊದಲೇ ಡಾನವನ್ ಡೇವಿಗೆ ಕೊಟ್ಟ ಉಪಶಮನ ಯಾವ ಚಿಕಿತ್ಸಾಲಯದಿಂದಲೂ ಬಂದದ್ದಲ್ಲ; ಅದು ಬಂದದ್ದು ಆಲ್ಟ್‌ಶುಲರ್‌ನಿಂದ, ಅವನು ಮುತ್ತಿಟ್ಟ ಅದೇ ಹುಡುಗನಿಂದ.