ಬಂಜೆಯ ಬೇನೆ

ಕಲಬುರಗಿ ಜಿಲ್ಲೆಯ ಅಫಜಲಪುರ ತಾಲೂಕಿನ ಗಾಣಗಾಪುರ ದತ್ತ ಸಂಪ್ರದಾಯದ ದೊಡ್ಡ ಕ್ಷೇತ್ರ. ಭೀಮಾ ಮತ್ತು ಅಮರಜಾ ನದಿಗಳು ಕೂಡುವ ಸಂಗಮ, ಊರೊಳಗಿನ ನಿರ್ಗುಣ ಪಾದುಕೆಗಳ ಮಠ, ಐದು ಮನೆ ಬೇಡಿ ಉಣ್ಣುವ ಮಧುಕರಿ, ಆರತಿಯ ಹೊತ್ತಿಗೆ ಕಂಬ ಹಿಡಿದು ಕೂಗುವ 'ಗಾಳಿ ಹಿಡಿದವರು' - ಇವೆಲ್ಲ ಅಲ್ಲಿಗೆ ಹೋಗಿ ಬಂದವರಿಗೆ ಗೊತ್ತು. ಗೊತ್ತಿದ್ದೂ ನಾವು ಹೆಚ್ಚು ಮಾತಾಡದ ಸಂಗತಿ ಇನ್ನೊಂದಿದೆ. ಈ ಕ್ಷೇತ್ರಕ್ಕೆ ಬರುವ ಹೆಂಗಸರಲ್ಲಿ ಎಷ್ಟೋ ಮಂದಿ ಬರುವುದು ಮಗುವಿಗಾಗಿ.

ಅದಕ್ಕೆ ಹಳೆಯ ಆಧಾರವೂ ಇದೆ. ಹದಿನೈದನೆಯ ಶತಮಾನದಲ್ಲಿ ಇಲ್ಲಿ ನೆಲೆಸಿದ್ದ ನರಸಿಂಹ ಸರಸ್ವತಿಯವರ ಜೀವನವನ್ನು ಸರಸ್ವತಿ ಗಂಗಾಧರನು ಮರಾಠಿಯಲ್ಲಿ 'ಗುರುಚರಿತ್ರೆ'ಯಾಗಿ ಬರೆದ. ಅದರಲ್ಲಿ ಅರವತ್ತು ವರ್ಷದ, ಮಕ್ಕಳಿಲ್ಲದ ಒಬ್ಬ ಹೆಂಗಸಿನ ಕತೆ ಬರುತ್ತದೆ. ದಿನವೂ ಗುರುವಿಗೆ ಆರತಿ ಬೆಳಗುವ ಆಕೆಯನ್ನು ಗುರುಗಳು ಒಂದು ದಿನ 'ನಿನಗೇನು ಬೇಕು?' ಎಂದು ಕೇಳುತ್ತಾರೆ. ಈ ಜನ್ಮದ ಆಸೆಯನ್ನು ಆಕೆ ಆಗಲೇ ಬಿಟ್ಟಿದ್ದಾಳೆ. ಮುಂದಿನ ಜನ್ಮದಲ್ಲಾದರೂ ಮಗುವಾಗಲಿ ಎನ್ನುತ್ತಾಳೆ. ಗುರುಗಳು ಈ ಜನ್ಮದಲ್ಲೇ ಆಗುತ್ತದೆಂದು ಹೇಳಿ, ಸಂಗಮದ ಅಶ್ವತ್ಥ ಮರವನ್ನು ಪ್ರದಕ್ಷಿಣೆ ಮಾಡಲು ಕಳಿಸುತ್ತಾರೆ. ನಿಂತಿದ್ದ ಮುಟ್ಟು ಮರಳಿ ಬಂದು ಆಕೆ ಮೊದಲು ಮಗಳನ್ನೂ ನಂತರ ಮಗನನ್ನೂ ಪಡೆಯುತ್ತಾಳೆ.

ಅದು ಬಹಮನಿಗಳ ಕಾಲ. ಸುಮಾರು 1400ರಲ್ಲಿ ಗುಲಬರ್ಗಾಕ್ಕೆ ಬಂದ ಖ್ವಾಜಾ ಬಂದೇನವಾಜರು 1422ರಲ್ಲಿ ತೀರಿಕೊಂಡರು. ಅವರ ದರ್ಗಾ, ಆಳಂದದ ಲಾಡ್ಲೆ ಮಶಾಯಖರ ದರ್ಗಾ, ಗಾಣಗಾಪುರದ ಮಠ - ಈ ಮೂರೂ ಒಂದೇ ಸೀಮೆಯಲ್ಲಿವೆ. ಮಗು ಬೇಕಾದವಳು ಯಾವ ಬಾಗಿಲು ಯಾರದೆಂದು ನೋಡಿದವಳಲ್ಲ. ಒಂದು ಕಡೆ ಹರಕೆ, ಇನ್ನೊಂದು ಕಡೆ ಮನ್ನತ್. ಒಂದು ಕಡೆ ಪ್ರದಕ್ಷಿಣೆ, ಇನ್ನೊಂದು ಕಡೆ ಚಾದರ್. ನಮ್ಮ ಭಾಗದ ಸೌಹಾರ್ದದ ಚರಿತ್ರೆಯನ್ನು ಬರೆಯುವವರು ಇದನ್ನು ಹೆಮ್ಮೆಯಿಂದ ನೆನೆಯುತ್ತಾರೆ. ನೆನೆಯಬೇಕಾದದ್ದೇ. ಆದರೆ ಹೀಗೆ ಬಾಗಿಲಿಂದ ಬಾಗಿಲಿಗೆ ಅಲೆದವಳ ಮೈಯಲ್ಲಿ ಏನು ನಡೆದಿತ್ತೆಂದು ಆ ಚರಿತ್ರೆ ಕೇಳುವುದಿಲ್ಲ.

ಗುರುಚರಿತ್ರೆಯಲ್ಲೇ ಬೀದರಿನ ಸುಲ್ತಾನನ ಕತೆಯೂ ಇದೆ. ಅವನ ತೊಡೆಯ ಮೇಲೆ ಹುಣ್ಣಾಗುತ್ತದೆ, ಹಕೀಮರ ಔಷಧಿಗೆ ಬಗ್ಗುವುದಿಲ್ಲ, ಗುರುದರ್ಶನದಿಂದ ವಾಸಿಯಾಗುತ್ತದೆ. ಗಂಡಸಿನ ಕಾಯಿಲೆಗೆ ಜಾಗವಿದೆ, ಹೆಸರಿದೆ, ವೈದ್ಯರಿದ್ದಾರೆ. ಹೆಂಗಸಿಗೆ ಇರುವುದು 'ವಂಧ್ಯೆ' ಎಂಬ ತೀರ್ಪು ಮಾತ್ರ. ಅದೇ ಗ್ರಂಥದಲ್ಲಿ ಬರಡು ಎಮ್ಮೆಯೊಂದು ಹಾಲು ಕೊಡುವ ಪವಾಡವೂ ಬರುತ್ತದೆ. ಕರು ಹಾಕದ ಎಮ್ಮೆಯೆಂದು ಅದರ ಮೇಲೆ ಮಣ್ಣು ಹೇರುತ್ತಿದ್ದರಂತೆ. ಮಕ್ಕಳಾಗದ ಸೊಸೆಯ ಪಾಲಿಗೆ ಮನೆಯ ಹೊರೆಗೆಲಸವೆಲ್ಲ ಬಂದು ಬೀಳುವುದನ್ನು ಕಂಡವರಿಗೆ ಈ ವಿವರ ಅಪರಿಚಿತವಲ್ಲ.

ನಾನು ಓದಿದ್ದು ಉರ್ದು ಮತ್ತು ಕನ್ನಡ ಶಾಲೆಗಳಲ್ಲಿ. ಉರ್ದುವಿನ 'ಬಾಂಝ್', ಕನ್ನಡದ 'ಬಂಜೆ' ಎರಡೂ ಸಂಸ್ಕೃತದ 'ವಂಧ್ಯಾ' ಎಂಬ ಒಂದೇ ತಾಯಿಯ ಮಕ್ಕಳು. ಎರಡಕ್ಕೂ ಬಳಕೆಯಲ್ಲಿ ಪುಲ್ಲಿಂಗ ರೂಪವಿಲ್ಲ. ಮಗುವಾಗದ ಗಂಡಸಿಗೆ ನಮ್ಮ ಭಾಷೆಗಳು ಒಂದು ಬೈಗುಳವನ್ನೂ ಹುಟ್ಟಿಸಲಿಲ್ಲ! ಷಂಡ, ನಾಮರ್ದ್ ಎಂಬ ಮಾತುಗಳ ಅರ್ಥವೇ ಬೇರೆ. ಬಂಜೆ ಹೆಂಡತಿಯನ್ನು ಎಂಟನೆಯ ವರ್ಷದಲ್ಲಿ ಬದಿಗಿಟ್ಟು ಇನ್ನೊಂದು ಮದುವೆಯಾಗಬಹುದೆಂದು ಮನುಸ್ಮೃತಿ ಹೇಳಿತು. ನಮ್ಮ ಮನೆಗಳಲ್ಲಿ ಎರಡನೆಯ ನಿಕಾಹ್‌ಗೆ ಇದೇ ಮೊದಲ ಕಾರಣವಾಯಿತು. ಕುರ್‌ಆನಿನ ನಲವತ್ತೆರಡನೆಯ ಅಧ್ಯಾಯ ಮಕ್ಕಳಿಲ್ಲದಿರುವುದನ್ನು ಹೆಣ್ಣಿಗೊಬ್ಬಳಿಗೇ ಅಂಟಿಸುವುದಿಲ್ಲ. ಅಲ್ಲಿನ 'ಅಕೀಮ್' ಎಂಬ ಪದ ಗಂಡಿಗೂ ಸಲ್ಲುತ್ತದೆ. ಹಜ್ರತ್ ಆಯಿಶಾ ಅವರಿಗೆ ಮಕ್ಕಳಿರಲಿಲ್ಲ. ಆದರೂ ಅವರು ಸಮಸ್ತ ವಿಶ್ವಾಸಿಗಳ ತಾಯಿ. ಮಿಂಬರಿನಿಂದ ಕೇಳಿದ ಈ ಮಾತು ಅಡುಗೆಮನೆಯವರೆಗೆ ಬರುವಷ್ಟರಲ್ಲಿ ಎಲ್ಲೋ ಕಳೆದುಹೋಗುತ್ತದೆ.

ಬಂಜೆಗೆ ಬೇನೆ ತಿಳಿಯದು ಎಂಬ ಅರ್ಥದ ಮಾತು ಕನ್ನಡದಲ್ಲಿ ಗಾದೆಯಾಗಿ, ಉಪಮೆಯಾಗಿ ಶತಮಾನಗಳಿಂದ ಓಡಾಡುತ್ತಿದೆ. ವೈದ್ಯದ ಚರಿತ್ರೆ ಇದಕ್ಕೆ ನೇರ ವಿರುದ್ಧವಾದದ್ದನ್ನು ಹೇಳುತ್ತದೆ. ಬಂಜೆ ಎನಿಸಿಕೊಂಡವರಲ್ಲಿ ಅನೇಕರು ತಿಂಗಳು ತಿಂಗಳೂ ಬೇನೆ ತಿಂದವರು.

ಹಳೆಯ ವೈದ್ಯರಿಗೆ ಇದರ ಸುಳಿವು ಇತ್ತು. ಚರಕ ಸಂಹಿತೆ ಇಪ್ಪತ್ತು ಬಗೆಯ ಯೋನಿವ್ಯಾಪತ್ತುಗಳನ್ನು ಹೇಳುತ್ತದೆ. ಅದರಲ್ಲಿ 'ಉದಾವರ್ತಿನಿ' ಎಂಬುದು ಮುಟ್ಟಿನ ವಿಪರೀತ ನೋವು. ಹನ್ನೊಂದನೆಯ ಶತಮಾನದ ಇಬ್ನ್ ಸೀನಾ ತನ್ನ 'ಅಲ್ ಕಾನೂನ್'ನಲ್ಲಿ ಮಕ್ಕಳಾಗದಿರುವ ಕಾರಣಗಳನ್ನು ಗಂಡು ಹೆಣ್ಣು ಇಬ್ಬರಲ್ಲೂ ಹುಡುಕಿದ. ಯುನಾನಿ ಹಕೀಮರಿಗೂ ವೈದ್ಯರಿಗೂ ಆಶ್ರಯ ಕೊಟ್ಟ ದಖ್ಖನಿನಲ್ಲಿ ಈ ತಿಳಿವಳಿಕೆ ಅಪರೂಪವಾಗಿರಲಿಲ್ಲ. ಆದರೆ ಅದು ಅರಮನೆಯ ಅಂಗಳ ದಾಟಿ ಭೀಮೆಯ ದಂಡೆಯ ಗುಡಿಸಲಿಗೆ ಬರಲಿಲ್ಲ.

ಯುರೋಪಿನ ಕತೆಯೂ ಇದಕ್ಕಿಂತ ಮೇಲೇನಲ್ಲ. ಹಿಸ್ಟೀರಿಯಾ ಎಂಬ ಪದ ಗರ್ಭಕೋಶಕ್ಕಿರುವ ಗ್ರೀಕ್ ಹೆಸರಿನಿಂದ ಬಂದದ್ದು. ನೋವಿನಿಂದ ಕೂಗಿದ ಹೆಂಗಸಿಗೆ ಅಲ್ಲಿ ಹಿಸ್ಟೀರಿಯಾ ಅಂದರು, ಇಲ್ಲಿ ಗಾಳಿ ಅಂದರು. 1721ರಲ್ಲಿ ಇಟಲಿಯ ವಲ್ಲಿಸ್ನೇರಿ ಎಂಬ ವೈದ್ಯ, ಮಕ್ಕಳಿಲ್ಲದ ಒಬ್ಬ ರೈತ ಹೆಂಗಸಿನ ಅಂಡಾಶಯಗಳು ಪಾರಿವಾಳದ ಮೊಟ್ಟೆಯಂತೆ ದಪ್ಪಗೆ, ಬೆಳ್ಳಗೆ ಹೊಳೆಯುತ್ತಿದ್ದವೆಂದು ಬರೆದಿಟ್ಟ. ಆಕೆಯ ಹೆಸರನ್ನು ಬರೆಯಲಿಲ್ಲ. ಇನ್ನೂರು ವರ್ಷಗಳ ನಂತರ, 1935ರಲ್ಲಿ, ಶಿಕಾಗೋದ ಸ್ಟೈನ್ ಮತ್ತು ಲೆವೆಂತಾಲ್ ಎಂಬ ವೈದ್ಯರು ಇಂಥದೇ ಲಕ್ಷಣಗಳಿದ್ದ ಏಳು ಹೆಂಗಸರ ಬಗ್ಗೆ ಬರೆದರು. ಅಂಡಾಶಯದ ಒಂದು ಭಾಗವನ್ನು ಕತ್ತರಿಸಿ ತೆಗೆದ ಮೇಲೆ ಏಳೂ ಜನರಿಗೆ ಮುಟ್ಟು ಮರಳಿತು, ಇಬ್ಬರು ಬಸುರಾದರು. ಇಂದು ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್ ಎನ್ನುವುದು, ಜನರ ಬಾಯಲ್ಲಿ 'ಪಿಸಿಓಡಿ' ಆಗಿರುವುದು ಇದೇ. ಅಂಡಾಣು ಬಲಿತು ಹೊರಬರುವುದಿಲ್ಲ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುತ್ತದೆ. ಮೈ ಭಾರವಾಗಬಹುದು, ಗಲ್ಲದ ಮೇಲೆ ಕೂದಲು ಬರಬಹುದು.

ಇನ್ನೊಂದು ರೋಗಕ್ಕೆ ಕನ್ನಡದಲ್ಲಿ ಇನ್ನೂ ಮನೆಮಾತಿನ ಹೆಸರೇ ಇಲ್ಲ. ಅದು ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ, ಅಂಡಾಶಯ ಮತ್ತು ಕರುಳಿನ ಮೇಲೆ ಬೆಳೆಯುತ್ತದೆ. ಮುಟ್ಟಿನ ದಿನಗಳಲ್ಲಿ ಅದೂ ಒಸರುತ್ತದೆ. ಒಳಗೆ ಉರಿಯೂತವಾಗಿ, ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. 1860ರಲ್ಲಿ ವಿಯೆನ್ನಾದ ರೊಕಿಟಾನ್ಸ್ಕಿ ಇದರ ಕುರುಹುಗಳನ್ನು ಗುರುತಿಸಿದ. 1920ರ ದಶಕದಲ್ಲಿ ಅಮೆರಿಕದ ಜಾನ್ ಸ್ಯಾಂಪ್ಸನ್ ಹೆಸರು ಕೊಟ್ಟ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹೆರುವ ವಯಸ್ಸಿನ ಹೆಂಗಸರಲ್ಲಿ ಸುಮಾರು ನೂರಕ್ಕೆ ಹತ್ತು ಮಂದಿಗೆ ಇದು ಇದೆ. ನೋವು ಶುರುವಾಗಿ ಹೆಸರು ಸಿಗುವವರೆಗೆ ವರ್ಷಗಟ್ಟಲೆ ಹೋಗುತ್ತದೆ. 'ಎಲ್ಲರಿಗೂ ಇದ್ದದ್ದೇ, ಮದುವೆಯಾದರೆ ಸರಿಹೋಗುತ್ತದೆ' ಎಂಬ ಮಾತು ಆ ವರ್ಷಗಳನ್ನು ನುಂಗುತ್ತದೆ. ಮದುವೆಯಾದ ಮೇಲೆ 'ಒಂದು ಮಗುವಾದರೆ ಸರಿಹೋಗುತ್ತದೆ' ಎನ್ನುತ್ತಾರೆ. ಬಸಿರು ಈ ರೋಗಕ್ಕೆ ಮದ್ದಲ್ಲವೆಂದು ಯುರೋಪಿನ ತಜ್ಞರ 2022ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿದೆ.

ಎರಡೂ ರೋಗಗಳು ಒಬ್ಬಳಲ್ಲೇ ಕೂಡಿ ಬರುವುದುಂಟು. ಆಗ ಆಕೆಯ ಸಂಕಟ ವಿಚಿತ್ರವಾದದ್ದು. ಎಂಡೊಮೆಟ್ರಿಯೋಸಿಸ್‌ನ ನೋವು ತಗ್ಗಿಸಲು ವೈದ್ಯರು ಕೊಡುವ ಹಾರ್ಮೋನು ಗುಳಿಗೆಗಳು ಬಸಿರಾಗುವುದನ್ನು ತಡೆಯುತ್ತವೆ. ಮಗು ಬೇಕೆನ್ನುವವಳು ಆ ಗುಳಿಗೆ ಬಿಡಬೇಕು, ಬಿಟ್ಟರೆ ನೋವು ಮರಳುತ್ತದೆ. ಇತ್ತ ಪಿಸಿಓಡಿಯಿಂದಾಗಿ ಮುಟ್ಟು ತಡವಾದಾಗಲೆಲ್ಲ ಮನೆಮಂದಿಗೆ ಆಸೆ ಹುಟ್ಟುತ್ತದೆ. ಕೊನೆಗೊಂದು ದಿನ ಮುಟ್ಟು ಬರುತ್ತದೆ. ಆಸೆ ಮುರಿಯುವುದೂ ಬೇನೆ ಏಳುವುದೂ ಒಂದೇ ದಿನ. ಮನೆಯವರಿಗೆ ಲೆಕ್ಕಕ್ಕೆ ಸಿಗುವುದು ಮೊದಲನೆಯದು ಮಾತ್ರ.

ಚಿಕಿತ್ಸೆ ಇಲ್ಲವೆಂದಲ್ಲ. ಅಂಡಾಣು ಬಿಡುಗಡೆಯಾಗಲು ನೆರವಾಗುವ ಕ್ಲೋಮಿಫೀನ್ 1967ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಮುಂದೆ ಲೆಟ್ರೊಜೋಲ್ ಬಂತು. ಭಾರತ ಸರ್ಕಾರ 2011ರಲ್ಲಿ ಬಂಜೆತನದ ಚಿಕಿತ್ಸೆಗೆ ಅದರ ಬಳಕೆಯನ್ನು ನಿಷೇಧಿಸಿತು. 2014ರಲ್ಲಿ ಅಮೆರಿಕದಲ್ಲಿ ಪಿಸಿಓಎಸ್ ಇರುವ 750 ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ ಕ್ಲೋಮಿಫೀನ್ ಪಡೆದವರಲ್ಲಿ ನೂರಕ್ಕೆ 19ರಷ್ಟು, ಲೆಟ್ರೊಜೋಲ್ ಪಡೆದವರಲ್ಲಿ 27ಕ್ಕೂ ಹೆಚ್ಚು ಮಂದಿ ಮಗು ಪಡೆದರು. 2017ರಲ್ಲಿ ನಿಷೇಧ ತೆರವಾಯಿತು. ಎಂಡೊಮೆಟ್ರಿಯೋಸಿಸ್‌ಗೆ ಉದರದರ್ಶಕದ ಶಸ್ತ್ರಚಿಕಿತ್ಸೆ ಕೆಲವರಿಗೆ ದಾರಿ ಮಾಡಿಕೊಡುತ್ತದೆ. ಅದೂ ಆಗದಿದ್ದರೆ ಐವಿಎಫ್ ಇದೆ. ಗಂಡ ಹೆಂಡಿರ ಸ್ವಂತ ವೀರ್ಯ ಮತ್ತು ಅಂಡಾಣುಗಳಿಂದ ಮಾಡುವ ಈ ಚಿಕಿತ್ಸೆ ತಪ್ಪಲ್ಲವೆಂದು ಕೈರೋದ ಅಲ್ ಅಝರ್ 1980ರಲ್ಲೇ ಫತ್ವಾ ಕೊಟ್ಟಿದೆ. ಆದರೆ ಐವಿಎಫ್ ಹೆಚ್ಚಾಗಿ ಖಾಸಗಿಯವರ ಕೈಯಲ್ಲಿದೆ. ತೊಗರಿ ಹೊಲದಲ್ಲಿ ಕೂಲಿ ಮಾಡುವವಳಿಗೆ ಅದು ದೂರದ ಮಾತು.

ಹಾಗಾದರೆ ನಮ್ಮ ಜಿಲ್ಲೆಯ ಬಡ ಹೆಂಗಸಿನ ಬೇನೆಗೆ ಆಧುನಿಕ ವೈದ್ಯ ಏನು ಕೊಟ್ಟಿತು? 2015ರಲ್ಲಿ ಕಲಬುರಗಿಯ ಗರ್ಭಕೋಶ ಶಸ್ತ್ರಚಿಕಿತ್ಸೆಗಳ ಹಗರಣ ಬಯಲಾಯಿತು. ತಾಂಡಾಗಳ ಲಂಬಾಣಿ ಹೆಂಗಸರು, ದಲಿತ ಹೆಂಗಸರು ಹೊಟ್ಟೆನೋವು, ಸೊಂಟನೋವು, ಬಿಳಿಸೆರಗು ಎಂದು ಖಾಸಗಿ ಆಸ್ಪತ್ರೆಗಳಿಗೆ ಹೋಗಿದ್ದರು. ಕ್ಯಾನ್ಸರ್ ಆದೀತೆಂದು ಹೆದರಿಸಿ ಅವರ ಗರ್ಭಕೋಶಗಳನ್ನೇ ತೆಗೆಯಲಾಗಿತ್ತು. ತನಿಖೆಯಲ್ಲಿ ಎರಡು ಸಾವಿರಕ್ಕೂ ಮೀರಿದ ಪ್ರಕರಣಗಳು ಕಂಡವು. ಅವರಲ್ಲಿ ಅನೇಕರಿಗೆ ನಲವತ್ತೂ ತುಂಬಿರಲಿಲ್ಲ. ಅವರಲ್ಲಿ ಯಾರಿಗೆ ಯಾವ ರೋಗವಿತ್ತೆಂದು ನಾವು ಊಹಿಸಬಾರದು. ಒಂದು ಮಾತನ್ನಂತೂ ಹೇಳಬಹುದು. ಆರುನೂರು ವರ್ಷಗಳ ಹಿಂದೆ ಈ ಹೆಂಗಸಿಗೆ ಸಿಕ್ಕಿದ್ದು ಹರಕೆ, ಈಗ ಸಿಕ್ಕಿದ್ದು ಕತ್ತರಿ. ಹರಕೆಗೂ ಕತ್ತರಿಗೂ ನಡುವೆ ಇರಬೇಕಾದ್ದು, ಅಂದರೆ ಕೂರಿಸಿಕೊಂಡು ಎಲ್ಲಿ ನೋವು, ಎಂದಿನಿಂದ ನೋವು ಎಂದು ಕೇಳಿ ಪರೀಕ್ಷಿಸುವುದು, ಅವಳ ಪಾಲಿಗೆ ಬರಲೇ ಇಲ್ಲ.

ಹರಕೆ ಹೊತ್ತವಳನ್ನು ಹೀಯಾಳಿಸುವ ಹಕ್ಕು ನಮಗೆ ಯಾರಿಗೂ ಇಲ್ಲ. ಜಗತ್ತೆಲ್ಲ ತೀರ್ಪು ಕೊಟ್ಟಾಗ, ಕಡೇಪಕ್ಷ ಕೇಳಿಸಿಕೊಳ್ಳುವವನೊಬ್ಬನಿದ್ದಾನೆ ಎಂಬ ಧೈರ್ಯಕ್ಕೆ ಆಕೆ ಸಂಗಮಕ್ಕೋ ದರ್ಗಾಕ್ಕೋ ಹೋಗುತ್ತಾಳೆ. ಗುರುಚರಿತ್ರೆಯ ಗುರುವಿನ ದೊಡ್ಡತನ ನನಗೆ ಕಾಣುವುದು ಪವಾಡದಲ್ಲಿ ಅಲ್ಲ. ಅರವತ್ತು ವರ್ಷ ಯಾರೂ ಕೇಳದ ಹೆಂಗಸನ್ನು ಆತ ಕೇಳಿದನಲ್ಲ, ಅದರಲ್ಲಿ. ಆ ಕೆಲಸ ಮನೆಯವರಿಂದಲೂ ಆಗಬಹುದು. ತಿಂಗಳಿಗೆ ಎರಡು ದಿನ ಶಾಲೆ ತಪ್ಪಿಸಿ ಮಂಡಿ ಮಡಚಿ ಮಲಗುವ ಹುಡುಗಿಯನ್ನು ಹತ್ತಿರದ ಸರ್ಕಾರಿ ಆಸ್ಪತ್ರೆಯ ಸ್ತ್ರೀರೋಗ ವೈದ್ಯರ ಬಳಿ ತಾಯಿ ಕರೆದುಕೊಂಡು ಹೋಗಬಹುದು. ಮಗುವಾಗದ ಸೊಸೆಯನ್ನು ಐದಾರು ಪರೀಕ್ಷೆಗೆ ಒಡ್ಡುವ ಮೊದಲು ಮಗನ ವೀರ್ಯ ಪರೀಕ್ಷೆಯೊಂದನ್ನು ಅತ್ತೆ ಮಾಡಿಸಬಹುದು. ಎಲ್ಲ ಪರೀಕ್ಷೆಗಳಿಗಿಂತ ಅದು ಸುಲಭ. ಮಗು ಆಗುತ್ತದೋ ಇಲ್ಲವೋ, ಅದು ವೈದ್ಯರ ಕೈಯಲ್ಲೂ ಪೂರ್ತಿ ಇಲ್ಲ. ಆದರೆ ಆಕೆಯ ಬೇನೆ ನಿಜವೆಂದು ನಂಬುವುದು ನಮ್ಮ ಕೈಯಲ್ಲಿದೆ.